ಅತ್ತೆಯ ಕಿವಿ, ಅಟ್ಟದ ಕಾಯಿ

ಹೋದ ತಿಂಗಳು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಬೀರುವಿನ ಹಿಂದಿನಿಂದ ಒಂದು ಹಳೆಯ ಸ್ವೀಟ್ ಬಾಕ್ಸ್ ಹೊರಗೆ ಬಂತು. ಒಳಗೆ ಕಪ್ಪು ಬಣ್ಣದ ಪುಟ್ಟ ಪುಟ್ಟ ಡಬ್ಬಿಗಳು. ಹಿಂದೆ ಕ್ಯಾಮೆರಾ ರೀಲು ಹಾಕಿ ಕೊಡುತ್ತಿದ್ದರಲ್ಲ, ಅವು. ನಮ್ಮ ಯಜಮಾನರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಮರಳು ಸರಸರ ಅಂತು. ಯಾವ ನದಿಯದು, ಯಾರ ಕಾರ್ಯದ್ದು ಎಂದು ಗಾಬರಿಯಿಂದ ಕೇಳಿದರು. ಅದು ನನ್ನ ಇಡೀ ಸರ್ವಿಸಿನ ಸಂಪಾದನೆ, ದಯವಿಟ್ಟು ಎಸೆಯಬೇಡಿ ಅಂದೆ.

ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮನಶ್ಶಾಸ್ತ್ರ ಅಂದ ತಕ್ಷಣ ಜನ ನನ್ನಿಂದ ಸ್ವಲ್ಪ ದೂರ ಸರಿದು ಕೂರುತ್ತಾರೆ. ಕೆಲವರು, ನನ್ನ ಮನಸ್ಸಲ್ಲಿ ಈಗ ಏನಿದೆ ಹೇಳಿ ನೋಡೋಣ ಅನ್ನುತ್ತಾರೆ. ಇನ್ನು ಕೆಲವರು ಮಗ ಮೊಬೈಲು ಕೆಳಗಿಡುವುದಿಲ್ಲ, ಏನಾದರೂ ಮಾಡಿ ಎಂದು ಕೈ ಹಿಡಿದುಕೊಳ್ಳುತ್ತಾರೆ. ನನಗೆ ಎರಡೂ ಬರುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ನಾವು ಮರಳು ತೂಗುತ್ತಿದ್ದೆವು, ಅಷ್ಟೇ.

ಪ್ರಯೋಗ ಬಹಳ ಸರಳ. ಡಬ್ಬಿಗಳೆಲ್ಲ ನೋಡಲು ಒಂದೇ ಥರ. ಒಳಗಿನ ಮರಳು ಮಾತ್ರ ಚಿಟಿಕೆ ಚಿಟಿಕೆ ಹೆಚ್ಚು ಕಡಿಮೆ. ಹುಡುಗಿ ಕಣ್ಣು ಮುಚ್ಚಿ ಮೊದಲು ಒಂದನ್ನು ಎತ್ತಬೇಕು, ಆಮೇಲೆ ಇನ್ನೊಂದನ್ನು. ಎರಡನೆಯದು ಭಾರವೋ, ಹಗುರವೋ, ಸಮವೋ ಹೇಳಬೇಕು. ಹುತ್ರಿದುರ್ಗದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಯಾವುದನ್ನು ಕೊಟ್ಟರೂ "ಎರಡೂ ಒಂದೇ ಮೇಡಂ" ಅನ್ನುತ್ತಿದ್ದಳು. ಇವಳ ಕೈಗೆ ಸ್ಪರ್ಶವೇ ಇಲ್ಲವೇನೋ ಎಂದು ನಾನು ಆತಂಕಪಟ್ಟು ಪಕ್ಕಕ್ಕೆ ಕರೆದು ವಿಚಾರಿಸಿದೆ. ನಿಮ್ಮ ಸಾಮಾನಿನಲ್ಲಿ ಒಂದನ್ನು ಕಮ್ಮಿ ಅಂದರೆ ನಿಮಗೆ ಬೇಜಾರಾಗುವುದಿಲ್ಲವೇ ಅಂದಳು. ನಮ್ಮ ಯಜಮಾನರ ಮೇಲೂ ಈ ಪ್ರಯೋಗ ನಡೆದಿದೆ. ಅವರಿಗೆ ಯಾವಾಗಲೂ ಎರಡನೆಯದೇ ಭಾರ. ಅದು ಅವರೊಬ್ಬರ ತಪ್ಪಲ್ಲ, ಬಹಳ ಜನರ ಕೈ ಹಾಗೇ ಹೇಳುತ್ತದೆ. ಮೊದಲು ಎತ್ತಿದ್ದರ ಭಾರ ಅಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಈ ಪ್ರಯೋಗದಲ್ಲಿ ನನಗೆ ಇವತ್ತಿಗೂ ಸೋಜಿಗ ಅನಿಸುವ ಒಂದು ಮಾತಿದೆ. ಹಗುರವಾದ ಡಬ್ಬಿಗೆ ಒಂದು ಚಿಟಿಕೆ ಮರಳು ಹಾಕಿದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಭಾರವಾದ ಡಬ್ಬಿಗೆ ಅದೇ ಚಿಟಿಕೆ ಹಾಕಿದರೆ ಕೈಗೆ ಸುಳಿವೇ ಇಲ್ಲ. ಎಷ್ಟು ಹೆಚ್ಚಾಯಿತು ಅನ್ನುವುದು ಮನಸ್ಸಿಗೆ ಬೇಡ. ಮೊದಲು ಎಷ್ಟಿತ್ತು, ಅದರ ಲೆಕ್ಕದಲ್ಲಿ ಎಷ್ಟು ಹೆಚ್ಚಾಯಿತು ಅನ್ನುವುದು ಬೇಕು. ಹುಡುಗಿಯರಿಗೆ ಇದನ್ನು ಊಟದ ಮೂಲಕ ಹೇಳಿಕೊಡುತ್ತಿದ್ದೆ. ಛತ್ರದ ಮದುವೆ ಊಟಕ್ಕೆ ಇನ್ನೊಬ್ಬರು ಬಂದರೆ ಅಡುಗೆಯವರು ತಲೆ ಎತ್ತಿಯೂ ನೋಡುವುದಿಲ್ಲ. ಮೂರು ಜನರ ಮನೆಗೆ ಊಟದ ಹೊತ್ತಿಗೆ ಒಬ್ಬರು ಬಂದರೆ ಮತ್ತೆ ಅಕ್ಕಿ ತೊಳೆಯಬೇಕು. ಪರೀಕ್ಷೆಯಲ್ಲಿ ಬಹಳ ಜನ ಸೂತ್ರ ಮರೆತು ಛತ್ರದ ಊಟವನ್ನೇ ಬರೆಯುತ್ತಿದ್ದರು. ನಾನು ಮಾರ್ಕ್ಸ್ ಕೊಡುತ್ತಿದ್ದೆ.

ನಾವು ಒಮ್ಮೆ ಇಡೀ ಕ್ಲಾಸನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ಗ್ರಹಿಕೆಯ ಪಾಠವನ್ನು ಬಯಲಲ್ಲೇ ಮಾಡೋಣ ಎಂಬುದು ನನ್ನ ಹುರುಪು. ಬಂಡೆಯ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂತು, ಕಿವಿಗೆ ಬಿದ್ದ ಸದ್ದುಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಬ್ಬಳಿಗೆ ಗಂಟೆ ಕೇಳಿಸಿತು, ಒಬ್ಬಳಿಗೆ ದೂರದ ಬಸ್ಸು, ಇನ್ನೊಬ್ಬಳಿಗೆ ತನ್ನ ಎದೆಯದೇ ಬಡಿತ. ನಮ್ಮ ಬೆನ್ನ ಹಿಂದೆ ಕೋತಿಗಳು ಚಿತ್ರಾನ್ನದ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ಗಮನ ಎಲ್ಲಿರುತ್ತದೋ ಕಿವಿ ಅಲ್ಲಿರುತ್ತದೆ ಎಂದು ಮಾರನೆಯ ದಿನ ಕ್ಲಾಸಿನಲ್ಲಿ ಸಮರ್ಥಿಸಿಕೊಂಡೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಯಜಮಾನರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಲ್ಲ, ಆಗ ನನಗೆ ಗಂಗತ್ತೆ ಕಣ್ಣ ಮುಂದೆ ಬಂದಳು. ಅವಳು ತೆಂಗಿನಕಾಯಿಯನ್ನು ಹೀಗೇ ಹಿಡಿಯುವುದು.

ಗಂಗತ್ತೆ ನನ್ನ ತಂದೆಯ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದವಳು. ಗುಬ್ಬಿಯ ಹತ್ತಿರದ ನಮ್ಮೂರಿನ ಮನೆಯಲ್ಲಿ ಈಗ ನನ್ನ ತಮ್ಮ ಲೋಕೇಶ, ಅವನ ಹೆಂಡತಿ ರತ್ನ, ಅವರ ಮಕ್ಕಳ ಜೊತೆ ಇದ್ದಾಳೆ. ನಮ್ಮ ಮನೆಯಲ್ಲಿ ಯಾರೂ ಅವಳನ್ನು ಒಂದು ದಿನಕ್ಕೂ ಹೊರೆ ಅಂದವರಲ್ಲ. ಆದರೆ ಅವಳೇ ಒಂದು ಕೆಲಸ ಮುಗಿಸದೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಅವಳ ಕೆಲಸಗಳಲ್ಲೆಲ್ಲ ದೊಡ್ಡದು ಅಟ್ಟ.

ಕೊಬ್ಬರಿ ಮಾಡುವ ಮನೆಗಳನ್ನು ನೋಡದವರಿಗೆ ಎರಡು ಮಾತು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬುತ್ತಾರೆ. ದನದ ಕೊಟ್ಟಿಗೆಯ ಮೇಲೆ ಅಡಿಕೆ ಮರದ ದಬ್ಬೆ ಹಾಸಿದ ಅಟ್ಟ. ಅಲ್ಲಿ ಕಾಯಿಗಳು ಹೆಚ್ಚು ಕಡಿಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತವೆ. ಒಳಗಿನ ನೀರು ಆರಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಯಿತೋ ಇಲ್ಲವೋ ಎಂದು ನೋಡಲು ಒಡೆಯುವ ಹಾಗಿಲ್ಲ, ಒಡೆದರೆ ಉಂಡೆ ಕೆಟ್ಟಿತು. ಅಲ್ಲಾಡಿಸಿ ಕೇಳಬೇಕು.

ಕಾಯಿಗೆ ಮೂರು ಕಾಲ ಎಂದು ಅತ್ತೆ ನಮಗೆ ಹೇಳಿಕೊಟ್ಟಿದ್ದಳು. ಮೊದಲು ಗುಳುಗುಳು ಅನ್ನುತ್ತದೆ, ನೀರಿದೆ. ಆಮೇಲೆ ಎಷ್ಟು ಅಲ್ಲಾಡಿಸಿದರೂ ಸದ್ದೇ ಇಲ್ಲ. ನೀರು ಆರಿದೆ, ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆ. ಕೊನೆಗೆ ಒಂದು ದಿನ ಒಳಗೆ ಲೊಟಕ್ ಅನ್ನುತ್ತದೆ, ಗಿಟುಕು, ಅಂದರೆ ಒಣಗಿದ ತಿರುಳು, ಚಿಪ್ಪು ಬಿಟ್ಟುಕೊಂಡಿದೆ. ಆ ಲೊಟಕ್ ಸಿಪ್ಪೆಯ ನಾರನ್ನು ದಾಟಿ ಹೊರಗೆ ಬರುವಷ್ಟರಲ್ಲಿ ಬಹಳ ಸಣ್ಣದಾಗಿರುತ್ತದೆ. ಚಿಕ್ಕಂದಿನಲ್ಲಿ ನಾನೂ ಲೋಕೇಶನೂ ಅಟ್ಟದ ಕೆಳಗೆ ಅತ್ತೆಯ ಎದುರು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ದಬ್ಬೆಗಳ ಸಂದಿಯಿಂದ ಧೂಳು ತಲೆಯ ಮೇಲೆ ಉದುರುತ್ತಿತ್ತು. ಸೀನು ಬಂದರೆ ಮೂಗು ಒತ್ತಿಹಿಡಿಯಬೇಕು. ದನ ಕೊರಳು ಅಲ್ಲಾಡಿಸಿದರೆ ಅದಕ್ಕೂ ಗದರಿಕೆ. ಅತ್ತೆ ಕಣ್ಣು ಮುಚ್ಚಿ, ಕಾಯನ್ನು ಕಿವಿಯ ಹತ್ತಿರ ಹಿಡಿದು, ಒಂದೇ ಸಲ ಜಾಡಿಸಿ, "ಇಳ್ಸು" ಅನ್ನುತ್ತಿದ್ದಳು, ಇಲ್ಲವೇ "ಇರ್ಲಿ" ಅನ್ನುತ್ತಿದ್ದಳು. ಅವಳು ಇಳ್ಸು ಅನ್ನುವ ತನಕ ಅಟ್ಟದಿಂದ ಒಂದು ರಾಶಿಯೂ ಕೆಳಗೆ ಬರುತ್ತಿರಲಿಲ್ಲ. ನಮ್ಮ ತಂದೆ ಊರಿಗೆಲ್ಲ ನ್ಯಾಯ ಹೇಳುತ್ತಿದ್ದವರು, ಅವರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತಂಗಿಯ ಮುಖ ನೋಡುತ್ತಿದ್ದರು.

ನಾನು ಮದುವೆಯಾಗಿ ಹೋಗಿದ್ದು ಕುಣಿಗಲ್ಲಿಗೆ. ಮಾವನವರದು ಹಿಟ್ಟಿನ ಗಿರಣಿ. ಮನೆಯ ಮುಂಭಾಗವೇ ಗಿರಣಿ. ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ಕೂಗುತ್ತಿದ್ದರು. ಬಂದ ಹೊಸದರಲ್ಲಿ ಮಾವ ಒಳಗೆ ಇಣುಕಿ ಕಾಫಿ ಕೇಳಿದರೂ ನನಗೆ ಬೈದ ಹಾಗಿರುತ್ತಿತ್ತು. ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದೆ. ಅವರ ತಪ್ಪೇನಿಲ್ಲ. ಬೆಲ್ಟು ತಿರುಗುವ ಗದ್ದಲದಲ್ಲಿ ಮೆತ್ತಗೆ ಆಡಿದ ಮಾತು ಅವರಿಗೇ ಕೇಳುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ನಾನೂ ಅದೇ ಶ್ರುತಿಗೆ ಬಂದೆ. ತುಮಕೂರಿಗೆ ಬಂದು ಕಾಲೇಜು ಸೇರಿದ ಮೇಲೂ ಅದು ಇಳಿಯಲಿಲ್ಲ. ನನ್ನ ಪಾಠ ಪಕ್ಕದ ಕಾಮರ್ಸ್ ಕ್ಲಾಸಿಗೂ ಆಗುತ್ತಿತ್ತು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ತವರಿಗೆ ಹೋದರೆ ಗಂಗತ್ತೆ, "ಯಾಕವ್ವ ಹಂಗೆ ಕಿರಚ್ತೀಯ, ನಂಗೇನ್ ಕಿವುಡಾ" ಎಂದು ನಗುತ್ತಿದ್ದಳು.

ಈ ಗಿರಣಿ ಗಂಟಲೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು. ಹೋದ ವರ್ಷ ಒಂದು ದಿನ ಲೋಕೇಶ ಫೋನು ಮಾಡಿದ. ಅಕ್ಕಪಕ್ಕದವರೆಲ್ಲ ಅಟ್ಟ ಇಳಿಸಿ ಕೊಬ್ಬರಿ ಸುಲಿದು ತಿಪಟೂರಿಗೆ ಹಾಕಿಯಾಯಿತು. ನಮ್ಮ ಅಟ್ಟ ಹಾಗೇ ಇದೆ. ಯಾವ ಕಾಯಿ ಕೊಟ್ಟರೂ ಅತ್ತೆ ಅಲ್ಲಾಡಿಸಿ "ಇರ್ಲಿ" ಅನ್ನುತ್ತಾಳೆ. ಅವನೇ ಒಂದು ದಿನ ಕದ್ದು ಅಲ್ಲಾಡಿಸಿ ನೋಡಿದನಂತೆ, ಲೊಟಕ್ ಅಂದಿತಂತೆ. ಅತ್ತೆಯ ಕಿವಿ ಕೈಕೊಟ್ಟಿದೆ ಅನ್ನುವುದು ಅವನ ಅನುಮಾನ. ಹಾಗಂತ ಅವಳ ಎದುರಿಗೆ ಹೇಳುವುದು ಯಾರು? ನೀನು ಇದೇ ವಿಷಯ ಓದಿದವಳು, ಒಂದು ಸಲ ಬಂದು ನೋಡು ಅಂದ.

ಭಾನುವಾರ ಗುಬ್ಬಿ ಬಸ್ಸು ಹತ್ತಿ ಹೋದೆ. ಅತ್ತೆಯ ಪಕ್ಕ ಕೂತು ಸಂಜೆಯ ತನಕ ಮಾತಾಡಿದೆ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಬೀದಿಯ ಸುದ್ದಿ, ಸೊಸೆಯ ಸುದ್ದಿ, ಸೀಮೆಹಸುವಿನ ಸುದ್ದಿ, ಒಂದಕ್ಕೂ ಎರಡನೇ ಸಲ ಏನು ಅನ್ನಲಿಲ್ಲ. ಅವಳ ಕಿವಿ ನಿನ್ನ ಕಿವಿಗಿಂತ ಚೆನ್ನಾಗಿದೆ ಎಂದು ನಾನು ತಮ್ಮನಿಗೆ ತೀರ್ಪು ಕೊಟ್ಟೆ. ಅವನು ತಲೆ ಕೆರೆದುಕೊಂಡು, "ಅಕ್ಕ, ನೀನ್ ಮಾತಾಡಿದ್ರೆ ಪಕ್ಕದ್ ತೋಟದೋರ್ಗೂ ಕೇಳ್ತದೆ" ಅಂದ. ಇಷ್ಟು ವರ್ಷ ಪ್ರಯೋಗಾಲಯ ನಡೆಸಿದ ನಾನು, ಅಳತೆಗೋಲಾಗಿ ನನ್ನ ಗಂಟಲನ್ನೇ ಇಟ್ಟುಕೊಂಡು ಅಳೆದಿದ್ದೆ. ನಗು ಬಂತು, ಒಳಗೆ ಸ್ವಲ್ಪ ಅವಮಾನವೂ ಆಯಿತು. ರತ್ನ ಒಲೆಯ ಹತ್ತಿರ ನಿಂತು ಮಾಮೂಲಿ ದನಿಯಲ್ಲಿ ಅತ್ತೆಯನ್ನು ಕಾಫಿಗೆ ಕರೆದಳು. ಅತ್ತೆ ನನ್ನ ಮುಖ ನೋಡಿಕೊಂಡೇ ಕೂತಿದ್ದಳು.

ಯಾರಿಗೂ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂದರೆ ಅದಕ್ಕೆ ಉತ್ತರ ನನ್ನ ಮರಳಿನ ಡಬ್ಬಿಯಲ್ಲೇ ಇದೆ. ಕಿವಿ ಒಂದೇ ದಿನ ಹೋಗುವುದಿಲ್ಲ. ದಿನಕ್ಕೊಂದು ಕಾಳಿನಷ್ಟು ಹೋಗುತ್ತದೆ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ, ಗೊತ್ತಾಗುವಷ್ಟು ಯಾವತ್ತೂ ಇರುವುದಿಲ್ಲ. ನಮ್ಮ ಮನೆಯ ಟಿವಿಯ ಕಥೆಯೂ ಅದೇ. ಯಜಮಾನರು ಸದ್ದು ಒಂದು ಗೆರೆ ಏರಿಸುತ್ತಾರೆ, ಕೆಲವು ದಿನಕ್ಕೆ ನಾನು ಇನ್ನೊಂದು ಗೆರೆ. ಮಗಳು ಬಂದಾಗ ಮಾತ್ರ ಇದೇನು ಸಿನಿಮಾ ಟಾಕೀಸೇ ಅನ್ನುತ್ತಾಳೆ.

ಅತ್ತೆಯನ್ನು ತುಮಕೂರಿಗೆ ಕರೆತರಲು ಒಂದು ಉಪಾಯ ಮಾಡಿದೆ. ನನಗೇ ಕಿವಿ ಪರೀಕ್ಷೆ ಇದೆ, ಒಬ್ಬಳೇ ಹೋಗಲು ಭಯ, ಜೊತೆಗೆ ಬಾ ಅಂದೆ. ನನ್ನ ಮೇಲಿನ ಕನಿಕರಕ್ಕೆ ಬಂದಳು. ಆಸ್ಪತ್ರೆಗೆ ಹೋದ ಮೇಲೆ, ನೀನೂ ಒಂದು ಸಲ ಮಾಡಿಸಿಕೋ, ನನಗೆ ಧೈರ್ಯ ಬರುತ್ತದೆ ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಎದ್ದು ಪರೀಕ್ಷೆಯ ಗಾಜಿನ ಗೂಡಿನೊಳಗೆ ಹೋಗಿ ಕೂತಳು.

ಪರೀಕ್ಷೆ ಮಾಡುವ ಹುಡುಗಿ ಬಹಳ ಸಮಾಧಾನಿ. ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಸಣ್ಣಗೆ ಕೂಯ್ ಅಂತ ಕೇಳಿಸಿದಾಗ ಒತ್ತಬೇಕು ಅಜ್ಜಿ ಎಂದು ಹೇಳಿದಳು. ಆಮೇಲೆ ಹೊರಗೆ ಕೂತು ಒಂದೊಂದೇ ಸದ್ದು ಬಿಡುತ್ತಾ, ಪ್ರತಿ ಸಲವೂ ಅದನ್ನು ಇಳಿಸುತ್ತಾ ಹೋದಳು. ಸದ್ದು ಇಳಿದು ಇಳಿದು ಕೇಳಿಸಿತೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುವ ಜಾಗವನ್ನು ನಮ್ಮ ಪುಸ್ತಕದಲ್ಲಿ ಹೊಸ್ತಿಲು ಅನ್ನುತ್ತಾರೆ. ಒಳಗೂ ಅಲ್ಲ, ಹೊರಗೂ ಅಲ್ಲ. ಪಾಠ ಮಾಡುವಾಗ ನನಗೆ ಬಹಳ ಪ್ರೀತಿಯ ಪದ ಅದು. ಅವತ್ತು ಗಾಜಿನ ಆಚೆ ಅತ್ತೆ ಆ ಹೊಸ್ತಿಲ ಮೇಲೆ ಒಬ್ಬಳೇ ಕೂತಿದ್ದಳು.

ಅತ್ತೆ ಗುಂಡಿ ಒತ್ತುತ್ತಲೇ ಇದ್ದಳು. ಸದ್ದು ಎಷ್ಟು ಇಳಿದರೂ ಒತ್ತುತ್ತಿದ್ದಳು. ಹುಡುಗಿ ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿ, ಈಗ ನಾನು ಏನೂ ಸದ್ದು ಬಿಡಲಿಲ್ಲ ಮೇಡಂ, ಸುಮ್ಮನೆ ಕೈ ಆಡಿಸಿದೆ, ಅದಕ್ಕೂ ಒತ್ತಿದರು ಅಂದಳು. ಆಗ ಗಮನಿಸಿದೆ. ಅತ್ತೆಯ ಕಣ್ಣು ಹುಡುಗಿಯ ಮೊಣಕೈಯ ಮೇಲೆ ನೆಟ್ಟಿತ್ತು. ಮೊಣಕೈ ಅಲ್ಲಾಡಿದರೆ ಗುಂಡಿ.

ಈ ತೊಂದರೆ ನಮ್ಮ ಶಾಸ್ತ್ರಕ್ಕೆ ಹಳೆಯದು. ಕೇಳಿಸಿತೇ ಎಂದು ಕೇಳಿದಾಗ ಬರುವ ಹೂಂ, ಊಹೂಂಗಳಲ್ಲಿ ಕಿವಿಯ ಪಾಲಷ್ಟೇ ಇರುವುದಿಲ್ಲ. ಹೂಂ ಅಂದರೆ ಏನಾಗುತ್ತದೆ, ಊಹೂಂ ಅಂದರೆ ಏನು ಕಳೆದುಕೊಳ್ಳುತ್ತೇನೆ ಎಂಬ ಅಂಜಿಕೆಯೂ ಅದರೊಳಗೆ ಇರುತ್ತದೆ. ಅದಕ್ಕೇ ನಡುನಡುವೆ ಇಲ್ಲದ ಸದ್ದಿಗೂ ಕೇಳಿಸಿತೇ ಎಂದು ಕೇಳಿ ನೋಡುವುದು. ಇದನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಚೌಕ ಬರೆದು ಹೇಳಿಕೊಟ್ಟಿದ್ದೇನೆ. ಅಟ್ಟದ ಕೆಳಗೆ ಪ್ರತಿ ಕಾಯಿಗೂ ಊಹೂಂ ಅನ್ನುವ ಅತ್ತೆ ಇಲ್ಲಿ ಪ್ರತಿಯೊಂದಕ್ಕೂ ಹೂಂ ಅನ್ನುತ್ತಿದ್ದಾಳೆ. ಎರಡಕ್ಕೂ ಕಾರಣ ಒಂದೇ. ಅಟ್ಟದಲ್ಲಿ ಆಗದ ಕಾಯನ್ನು ಆಗಿದೆ ಅಂದರೆ ಸುಲಿದು ಒಡೆದಾಗ ಎಲ್ಲರ ಎದುರು ಸಿಕ್ಕಿಬೀಳುತ್ತಾಳೆ. ಆದ ಕಾಯನ್ನು ಇರ್ಲಿ ಅಂದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಕೇಳಿಸಲಿಲ್ಲ ಅಂದರೆ ಸಿಕ್ಕಿಬೀಳುತ್ತಾಳೆ. ಅವಳ ಪಾಲಿಗೆ ಎಲ್ಲ ಕಾಯಿಗಳೂ ಆ ನಡುವಿನ, ಸದ್ದಿಲ್ಲದ ಕಾಲದಲ್ಲೇ ನಿಂತುಬಿಟ್ಟಿದ್ದವು.

ಹುಡುಗಿ ಕುರ್ಚಿ ತಿರುಗಿಸಿ, ಬೆನ್ನು ಹಾಕಿ ಕೂತು ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಸುಮ್ಮನೆ ಇತ್ತು. ಅವಳು ಗಾಜಿನಾಚೆಗೆ ನನ್ನನ್ನು ಹುಡುಕಿದಳು. ನಾನು ಕಣ್ಣು ಕೆಳಗೆ ಹಾಕಿದೆ.

ಎರಡೂ ಕಿವಿ ಬಹಳ ಮಟ್ಟಿಗೆ ಹೋಗಿವೆ ಅಂತ ಬಂತು. ಕೊಟ್ಟ ಮಾತಿನಂತೆ ನನ್ನದನ್ನೂ ಪರೀಕ್ಷೆ ಮಾಡಿದರು. ಸಣ್ಣ ದನಿಗಳು ನನಗೂ ಸ್ವಲ್ಪ ತಪ್ಪಿಹೋಗುತ್ತಿವೆಯಂತೆ. ಗಿರಣಿಯ ಕಾಣಿಕೆ ಇರಬೇಕು. ಅತ್ತೆಗೆ ಅದನ್ನು ಹೇಳಿದರೆ ಜೊತೆ ಸಿಕ್ಕಿತು ಎಂದು ನಗುತ್ತಾಳೆ ಅಂದುಕೊಂಡೆ. ಅವಳು ನಗಲಿಲ್ಲ.

ಆ ಸಂಜೆ ಶೆಟ್ಟಿಹಳ್ಳಿಯ ಮನೆಯಲ್ಲಿ ಅತ್ತೆ ಅನ್ನ ಕಲಸಿಕೊಂಡು ಕೂತವಳು ತುತ್ತು ಎತ್ತಲಿಲ್ಲ. ನಾನು ಪಕ್ಕಕ್ಕೆ ಹೋಗಿ ಕೂತೆ. ವಯಸ್ಸಾದ ಮೇಲೆ ಎಲ್ಲರಿಗೂ ಆಗುವುದೇ, ಈಗ ಒಳ್ಳೊಳ್ಳೆ ಮಿಷನ್ನು ಬಂದಿವೆ ಎಂದು ನನ್ನ ಗಟ್ಟಿ ದನಿಯಲ್ಲಿ ಹೇಳಿದೆ. ಅವಳು ತಟ್ಟೆ ನೋಡಿಕೊಂಡೇ ಮಾತಾಡಿದಳು.

"ಕಿವಿ ಹೋಗ್ಲಿ ಬುಡವ್ವ, ಕೇಳ್ಬೇಕಾಗಿದ್ದೆಲ್ಲ ಕೇಳಾಗೈತೆ. ಕಿವಿ ಹೋದ್ರೆ ಅಟ್ಟ ಹೋಯ್ತದೆ. ಅಟ್ಟ ಹೋದ್ ಮ್ಯಾಲೆ ನಾನ್ ಆ ಮನೇಲಿ ಯಾರು?"

ನೀನು ನಮ್ಮ ಅತ್ತೆ ಅಲ್ಲವೇ ಅನ್ನಲು ಹೋದೆ. ಅದು ಅವಳು ಕೇಳಿದ್ದಕ್ಕೆ ಉತ್ತರವಾಗುತ್ತಿರಲಿಲ್ಲ. ತವರಿಗೆ ವಾಪಸು ಬಂದ ದಿನದಿಂದ ಅವಳು ಆ ಉತ್ತರವನ್ನು ಒಂದೊಂದೇ ಕಾಯಿ ಅಲ್ಲಾಡಿಸಿ ಸಂಪಾದಿಸಿದ್ದಳು. ನನಗೆ ಅಳು ಬಂತು, ಹುಳಿ ಬಡಿಸುವ ನೆವ ಮಾಡಿಕೊಂಡು ಎದ್ದುಹೋದೆ.

ಕಿವಿ ಮಿಷನ್ನು ಕೊಡಿಸಿದೆವು. ಅದರಿಂದ ಆದ ಅನಾಹುತವೇ ಒಂದು ಪ್ರಬಂಧಕ್ಕಾಗುತ್ತದೆ. ಕುಕ್ಕರ್ ಕೂಗಿದರೆ ಅತ್ತೆ ಬೆಚ್ಚಿಬಿದ್ದು ಎದೆ ಹಿಡಿದುಕೊಳ್ಳುವಳು. ತನ್ನದೇ ಸೀರೆಯ ಸರಬರಕ್ಕೆ ಹಿಂದೆ ಯಾರೋ ಬಂದರೆಂದು ತಿರುಗಿ ನೋಡುವಳು. ಕಾಯನ್ನು ಕಿವಿಯ ಹತ್ತಿರ ತಂದರೆ ಸಿಪ್ಪೆ ಮಿಷನ್ನಿಗೆ ಸವರಿ ಕೊಂಯ್ ಅನ್ನುವುದು. ನನಗೆ ಬೇಕಾದ ಸದ್ದೊಂದನ್ನು ಬಿಟ್ಟು ಊರಿನ ಸದ್ದನ್ನೆಲ್ಲ ತಂದು ಸುರಿಯುತ್ತದೆ ಎಂದು ಅವಳು ಅದನ್ನು ಬಿಚ್ಚಿ ಎಲೆ ಅಡಿಕೆ ಡಬ್ಬಿಯ ಪಕ್ಕ ಇಟ್ಟಳು. ಟಿವಿ ನೋಡುವಾಗ ಮಾತ್ರ ಹಾಕಿಕೊಳ್ಳುತ್ತಾಳೆ.

ಅಷ್ಟರಲ್ಲಿ ಅಟ್ಟದ ಒಂದು ಮೂಲೆಯಲ್ಲಿ ಹುಳು ಕಾಣಿಸಿತು. ಲೋಕೇಶ ಫೋನು ಮಾಡಿ, ಇನ್ನು ಕಾಯುವುದಕ್ಕಾಗುವುದಿಲ್ಲ, ಭಾನುವಾರ ಅಟ್ಟ ಇಳಿಸುತ್ತೇನೆ, ಅತ್ತೆ ಬೇಜಾರು ಮಾಡಿಕೊಂಡರೂ ಸರಿ ಅಂದ. ಅವನ ದನಿಯಲ್ಲೇ ಅಳುಕಿತ್ತು. ನೀನೂ ಬಾ ಅಂದ. ಹೋದೆ.

ಏಣಿ ಹಾಕಿದ್ದರು. ಅತ್ತೆ ಎಂದಿನಂತೆ ಕೊಟ್ಟಿಗೆಯಲ್ಲಿ ಚಾಪೆಯ ಮೇಲೆ ಬಂದು ಕೂತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ. ಲೋಕೇಶ ಮಂಕರಿಯಲ್ಲಿ ನಾಲ್ಕಾರು ಕಾಯಿ ತಂದು ಅವಳ ಮುಂದೆ ಇಟ್ಟು, ನನ್ನ ಮುಖ ನೋಡಿದ. ಅತ್ತೆ ಒಂದನ್ನು ಎತ್ತಿ ಕಣ್ಣು ಮುಚ್ಚಿ ಜಾಡಿಸಿದಳು. ನಿಂತಿದ್ದ ನನಗೇ ಲೊಟಕ್ ಕೇಳಿಸಿತು. ಅವಳು ಇನ್ನೊಂದು ಸಲ ಜಾಡಿಸಿದಳು, ಮತ್ತೊಂದು ಸಲ. ಇಳ್ಸು ಅನ್ನಲಿಲ್ಲ. ಇರ್ಲಿ ಅಂತಲೂ ಅನ್ನಲಿಲ್ಲ. ನಮಗೆಲ್ಲ ಗೊತ್ತಿದೆ ಎಂಬುದು ಈಗ ಅವಳಿಗೂ ಗೊತ್ತಿತ್ತು. ಕಾಯನ್ನು ಮಡಿಲಲ್ಲಿಟ್ಟುಕೊಂಡಳು.

ಆಗ ರತ್ನ ಅಡುಗೆ ಮನೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಅತ್ತೆಯ ಎದುರು ಮಂಡಿಯೂರಿ ಕೂತಳು. ಅತ್ತೆಯ ಮಡಿಲಿನಿಂದ ಕಾಯನ್ನು ತೆಗೆದುಕೊಂಡು ತನ್ನ ಕಿವಿಯ ಹತ್ತಿರ ಜಾಡಿಸಿದಳು. ಆಮೇಲೆ ಅತ್ತೆಗೆ ತುಟಿ ಕಾಣುವ ಹಾಗೆ ಬಗ್ಗಿ ನಿಧಾನಕ್ಕೆ ಹೇಳಿದಳು.

"ಅತ್ತೆ, ಒಳಗೆ ಲೊಟಕ್ ಅಂತೈತೆ. ಒಂದ್ ಕಡೆ ಅಂಟ್ಕೊಂಡಿರೋ ಹಂಗೂ ಐತೆ. ಇದನ್ನ ಆಗೈತೆ ಅನ್ಬೇಕಾ, ಇಲ್ಲ ಅನ್ಬೇಕಾ? ನಂಗ್ ತಿಳೀವಲ್ದು, ನೀವ್ ಹೇಳಿ."

ಅತ್ತೆ ಅವಳ ಬಾಯನ್ನೇ ನೋಡಿದಳು. "ಕೈ ನಿಂತ್ ಮ್ಯಾಲೂ ಅಂತೈತಾ?" ಅಂದಳು.

ರತ್ನ ಇನ್ನೊಂದು ಸಲ ಜಾಡಿಸಿ, ಕೈ ನಿಲ್ಲಿಸಿ, ಕಿವಿಗೊಟ್ಟು, ಹೂಂ ಎಂದು ತಲೆ ಆಡಿಸಿದಳು.

"ಹಂಗಾದ್ರೆ ಬಿಟ್ಕೊಂಡೈತೆ. ಇಳ್ಸು."

ಲೋಕೇಶ ಏಣಿ ಹತ್ತಿದ. ಆಮೇಲೆ ಮಧ್ಯಾಹ್ನದ ತನಕ ಹೀಗೇ ನಡೆಯಿತು. ರತ್ನ ಅಲ್ಲಾಡಿಸುವುದು, ಸದ್ದನ್ನು ಬಾಯಲ್ಲಿ ಮಾಡಿ ತೋರಿಸುವುದು, ಅತ್ತೆ ದಪ್ಪಗೋ, ಸಣ್ಣಗೋ, ಒಂದು ಸಲವೋ ಎರಡು ಸಲವೋ ಎಂದು ಬಿಡಿಸಿ ಬಿಡಿಸಿ ವಿಚಾರಿಸುವುದು, ಆಮೇಲೆ ತೀರ್ಪು. ಸಂವೇದನೆ ಬೇರೆ, ಗ್ರಹಿಕೆ ಬೇರೆ ಎಂದು ನಾನು ಪಾಠ ಮಾಡುತ್ತಿದ್ದೆ. ಸದ್ದು ಕಿವಿಗೆ ಬೀಳುವುದು ಒಂದು, ಅದು ಏನೆಂದು ತಿಳಿಯುವುದು ಇನ್ನೊಂದು. ಎರಡೂ ಒಬ್ಬರ ತಲೆಯೊಳಗೇ ಇರುತ್ತವೆ ಎಂದೇ ನಾನು ನಂಬಿದ್ದೆ. ಇಬ್ಬರು ಹೆಂಗಸರು ಅದನ್ನು ಹಂಚಿಕೊಂಡು ಚಾಪೆಯ ಮೇಲೆ ಕೂತಿರಬಹುದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹುಳು ಬಿದ್ದ ಮೂಲೆಯದನ್ನು ಬಿಟ್ಟರೆ ಮಿಕ್ಕ ಕಾಯಿಗಳೆಲ್ಲ ಚೆನ್ನಾಗಿದ್ದವು.

ಊಟವಾದ ಮೇಲೆ ಅತ್ತೆಯೂ ನಾನೂ ಹಿತ್ತಿಲ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತೆವು. ಅವಳ ಮುಖ ಹಗುರವಾಗಿತ್ತು. ರತ್ನನಿಗೆ ಪಾಪ ಇದೆಲ್ಲ ಏನೂ ತಿಳಿಯದು, ಇನ್ನು ಮೇಲೆ ನೀನೇ ಕಲಿಸಬೇಕು ಅಂದೆ. ಸಮಾಧಾನ ಮಾಡುವ ಉಮೇದಿನಲ್ಲಿ ನನ್ನ ದನಿ ಇನ್ನೂ ಒಂದು ಗೆರೆ ಏರಿತ್ತು. ಅತ್ತೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿ, ಇಷ್ಟು ಓದಿದವಳು ಇಷ್ಟು ದಡ್ಡಿಯಾ ಎಂಬಂತೆ ನನ್ನನ್ನು ನೋಡಿ ನಕ್ಕಳು.

"ಅವಳ ತೌರಲ್ಲಿ ನಮ್ ಅಟ್ಟಕ್ಕಿಂತ ದೊಡ್ಡ ಅಟ್ಟ ಐತೆ ಕಣವ್ವ. ಹುಟ್ಟಿದ್ದೇ ಕೊಬ್ರಿ ಮನೇಲಿ. ಎಲ್ಲಾ ಗೊತ್ತು ಅವಳ್ಗೆ. ಗೊತ್ತಿದ್ದೂ 'ತಿಳೀವಲ್ದು' ಅಂತ ನನ್ ಬಾಯಿಂದ ಹೇಳುಸ್ತಾಳೆ."

ಅಷ್ಟರಲ್ಲಿ ಅಂಗಳದಿಂದ ರತ್ನ ಅತ್ತೆಯನ್ನು ಕರೆದಳು. ಅತ್ತೆ ಎಲೆ ಮಡಿಚುತ್ತಲೇ ಇದ್ದಳು. ಕರೀತಿದ್ದಾಳೆ ಎಂದು ನಾನು ಹೇಳುವ ಮೊದಲೇ ರತ್ನ ತಾನೇ ಬಂದು ಅತ್ತೆಯ ಭುಜ ಮುಟ್ಟಿದಳು. ಸುಲಿಯುವ ಆಳುಗಳು ಬಂದಿದ್ದಾರೆ ಎಂದು ಕೈಯಲ್ಲಿ ತೋರಿಸಿದಳು.

ಅತ್ತೆ ಎಲೆಯನ್ನು ದವಡೆಗೆ ಸೇರಿಸಿ ಎದ್ದಳು. ರತ್ನನ ಕಡೆ ತಿರುಗಿ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು.

"ನಾನ್ ಬರೋಗಂಟ ಒಂದ್ ಕಾಯೂ ಸುಲೀಬೇಡ ಅನ್ನು ನಿನ್ ಗಂಡಂಗೆ."